ಒಂದು ಭಾನುವಾರವೂ ತಪ್ಪಿಸದವನು

ಅಧ್ಯಕ್ಷತೆ ವಹಿಸಿರುವ ಪೂಜ್ಯ ಗುರುಗಳೇ, ವೇದಿಕೆಯ ಮೇಲಿರುವ ಅತಿಥಿಗಳೇ, ಇಪ್ಪತ್ತು ನಿಮಿಷದಿಂದ ನನ್ನ ಹೊಗಳಿಕೆ ಕೇಳಿಯೂ ಎದ್ದು ಹೋಗದ ಸಹೃದಯ ಸಭಿಕರೇ, ಮತ್ತು ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿರುವ ನನ್ನ ತಮ್ಮನೇ,

ನಿಮ್ಮೆಲ್ಲರಿಗೂ ಪ್ರಭುವಿನ ಶಾಂತಿ ಇರಲಿ.

ಕಾರ್ಯದರ್ಶಿಗಳು ನನ್ನನ್ನು ಪರಿಚಯಿಸುತ್ತಾ ಹೇಳಿದರು: ಇವರು ನಮ್ಮ ಇಗರ್ಜಿಯ ಆರ್ಗನ್ ವಾದಕರು, ಹತ್ತೊಂಬತ್ತು ವರ್ಷಗಳಲ್ಲಿ ಒಂದೇ ಒಂದು ಭಾನುವಾರವೂ ತಪ್ಪಿಸಿದವರಲ್ಲ, ಜ್ವರವಿದ್ದರೂ ಬಂದರು, ಮಗಳ ಮದುವೆಯ ಮರುದಿನವೂ ಬಂದರು, ಇದು ಭಕ್ತಿಯಲ್ಲದೆ ಮತ್ತೇನು? ನೀವು ಚಪ್ಪಾಳೆ ತಟ್ಟಿದಿರಿ. ನಾನು ತಲೆ ತಗ್ಗಿಸಿ ವಿನಯವಂತನ ಮುಖ ಮಾಡಿದೆ. ಆ ಮುಖ ನನಗೆ ಚೆನ್ನಾಗಿ ಬರುತ್ತದೆ, ಮನೆಯಲ್ಲಿ ಯಾರನ್ನು ಬೇಕಾದರೂ ಕೇಳಿ.

ಆದರೆ ಕಾರ್ಯದರ್ಶಿಗಳೇ, ‘ಮತ್ತೇನು’ ಎಂದು ಕೇಳಿದಿರಲ್ಲ, ಅದಕ್ಕೊಂದು ಉತ್ತರವಿದೆ. ಸನ್ಮಾನ ಫಲಕ ಆಗಲೇ ನನ್ನ ಕೈಗೆ ಬಂದಿದೆ, ಇನ್ನು ವಾಪಸ್ ಕಿತ್ತುಕೊಳ್ಳಲಾರಿರಿ ಎಂಬ ಧೈರ್ಯದ ಮೇಲೆ ಹೇಳುತ್ತೇನೆ.

ಪೂಜೆಯ ನಡುವೆ ಗುರುಗಳು ಪರಸ್ಪರ ಶಾಂತಿಯನ್ನು ಹಂಚಿಕೊಳ್ಳಿ ಎನ್ನುತ್ತಾರಲ್ಲ, ಆಗ ಏನಾಗುತ್ತದೆ? ಎಲ್ಲರೂ ಅಕ್ಕಪಕ್ಕದವರ ಕೈ ಹಿಡಿಯುತ್ತೀರಿ. ಗಂಡ ಹೆಂಡತಿಯ ಕೈ ಹಿಡಿಯುತ್ತಾನೆ. ಬಾಡಿಗೆಯವರು ಮನೆ ಮಾಲೀಕರ ಕೈ ಹಿಡಿಯುತ್ತಾರೆ. ಯಾರ ಕೈಯನ್ನೂ ಹಿಡಿಯಬೇಕಾಗಿಲ್ಲದ ಮನುಷ್ಯ ಇಡೀ ಇಗರ್ಜಿಯಲ್ಲಿ ಒಬ್ಬನೇ. ಮಹಡಿಯ ಮೇಲೆ ಎರಡೂ ಕೈಗಳಲ್ಲಿ ಆರ್ಗನ್ ನುಡಿಸುತ್ತಾ ಕೂತವನು! ತಾವು ಮಾತು ಮುಗಿಸುವ ಮೊದಲೇ ಶಾಂತಿಯ ಹಾಡು ಶುರುವಾಗುತ್ತದೆ ಎಂದು ಹಿಂದಿನ ಗುರುಗಳು ದೂರುತ್ತಿದ್ದರು. ಅದು ಭಕ್ತಿಯ ಆತುರ ಎಂದು ನಾನು ಸಮಜಾಯಿಷಿ ಕೊಡುತ್ತಿದ್ದೆ. ಅದು ಹೆದರಿಕೆ, ಸಭಿಕರೇ. ಪೂಜೆ ತಪ್ಪಿಸಿದರೆ ಪಾಪ ಎನ್ನುವಷ್ಟು ಭಕ್ತಿ ನನಗಿದೆ. ಆದರೆ ಕೆಳಗೆ ಬೆಂಚಿನಲ್ಲಿ ಕೂತರೆ ತಮ್ಮ ಎದುರಾಗುತ್ತಾನೆ, ಅವನ ಕೈ ಹಿಡಿಯುವಷ್ಟು ಭಕ್ತಿ ನನಗಿರಲಿಲ್ಲ.

ತಮ್ಮ ಮಾಡಿದ್ದಾದರೂ ಏನು?

ನಮ್ಮ ಅಮ್ಮ ತೀರಿಕೊಂಡ ಕಾಲಕ್ಕೆ ಗಾಯನ ತಂಡ ಕೆಳಗೆ, ಬಲಿಪೀಠದ ಪಕ್ಕದಲ್ಲಿ ನಿಲ್ಲುತ್ತಿತ್ತು. ನಾನು ಮುಂದೆ ನಿಂತು ಕೈಸನ್ನೆಯಲ್ಲಿ ಹಾಡಿಸುತ್ತಿದ್ದೆ. ತಂಡದಲ್ಲಿ ಎಲ್ಲರಿಗಿಂತ ಒಳ್ಳೆಯ ಕಂಠ ನನ್ನ ತಮ್ಮನದು. ಈ ಮಾತನ್ನು ನಾನು ಬಾಯಿಬಿಟ್ಟು ಹೇಳುತ್ತಿರುವುದು ಇದೇ ಮೊದಲು, ಮೈಕ್ ಬೇರೆ ಇದೆ. ಅಮ್ಮನ ಅಂತ್ಯಕ್ರಿಯೆಯಲ್ಲಿ ಅವಳಿಗೆ ಇಷ್ಟವಾದ ಹಾಡನ್ನು ಅವನೊಬ್ಬನೇ ಹಾಡುವುದೆಂದು ಮಾತಾಗಿತ್ತು. ಹಾಡಿದ. ಎರಡನೆಯ ಚರಣಕ್ಕೆ ಬಂದವನು ಅರ್ಧಕ್ಕೇ ನಿಲ್ಲಿಸಿ, ಪುಸ್ತಕ ಮುಚ್ಚಿ, ಅಮ್ಮನ ಪೆಟ್ಟಿಗೆಯ ಪಕ್ಕದಿಂದಲೇ ನಡೆದುಕೊಂಡು ಹೊರಗೆ ಹೋದ. ಸಮಾಧಿಯ ಹತ್ತಿರವೂ ಬರಲಿಲ್ಲ. ಹೆತ್ತ ತಾಯಿಗೆ ಒಂದು ಹಿಡಿ ಮಣ್ಣು ಹಾಕಲಿಲ್ಲ.

ಇದು ನನ್ನ ಕಥೆ. ಹತ್ತೊಂಬತ್ತು ವರ್ಷ ಇದನ್ನೇ ಹೇಳಿದೆ. ಅಕ್ಕನಿಗೆ ಹೇಳಿದೆ, ಭಾವನಿಗೆ ಹೇಳಿದೆ, ಕಟಿಂಗ್ ಶಾಪಿನವನಿಗೆ ಹೇಳಿದೆ. ಅವನು ಪ್ರತಿ ಸಲವೂ ಹೊಸದಾಗಿ ಕೇಳಿದವನಂತೆ “ಛೆ ಛೆ, ಹಿಂಗೂ ಇರ್ತಾರಾ ಸರ್?” ಅನ್ನುತ್ತಿದ್ದ. ಆ ಒಂದು ಮಾತಿಗಾಗಿ ನಾನು ಇವತ್ತಿಗೂ ಬೇರೆ ಅಂಗಡಿಗೆ ಹೋಗಿಲ್ಲ. ಅವನು ಕೂದಲು ಕತ್ತರಿಸುವುದು ಹೇಗೆ ಎಂಬುದು ನಿಮಗೆ ಕಾಣುತ್ತಲೇ ಇದೆ.

ಆಮೇಲೆ ತಮ್ಮ ಪೂಜೆಗೆ ಬಂದ, ತಂಡಕ್ಕೆ ಮಾತ್ರ ಬರಲಿಲ್ಲ. ಹಳೆಯ ಆರ್ಗನ್ ವಾದಕರು ಬಿಟ್ಟ ಜಾಗಕ್ಕೆ ನಾನು ಹತ್ತಿ ಕೂತೆ. ಮೇಲಿಂದ ಹಾಡಿದರೆ ಧ್ವನಿ ಚೆನ್ನಾಗಿ ಹರಡುತ್ತದೆ ಎಂದು ಸಮಿತಿಗೆ ಪತ್ರ ಬರೆದು ಇಡೀ ತಂಡವನ್ನೂ ಮೇಲೆ ಹತ್ತಿಸಿದೆ. ಮೊಣಕಾಲು ನೋವಿನ ಅಕ್ಕಂದಿರೇ, ಆ ಮೆಟ್ಟಿಲುಗಳ ಪಾಪ ನನ್ನದು.

ನನ್ನ ತಮ್ಮ ಟೈಲರ್, ನಿಮಗೆಲ್ಲ ಗೊತ್ತು. ತಂಡದ ನಿಲುವಂಗಿಗಳನ್ನು ಹೊಲಿಯುವವನೂ ಅವನೇ. ನಾನು ಅಳತೆ ಕೊಡಲು ಹೋಗುತ್ತಿರಲಿಲ್ಲ. ಹೆಂಡತಿಯ ಕೈಯಲ್ಲಿ ಹಳೆಯ ನಿಲುವಂಗಿ ಕಳಿಸಿ ಇದೇ ಅಳತೆಗೆ ಹೊಲಿ ಎಂದು ಹೇಳಿಸುತ್ತಿದ್ದೆ. ಪ್ರತಿ ಸಲ ಸೊಂಟದಲ್ಲಿ ಎರಡು ಇಂಚು ಜಾಸ್ತಿಯಾಗಿ ಬರುತ್ತಿತ್ತು. ನೋಡು, ಬೇಕಂತಲೇ ಅವಮಾನ ಮಾಡ್ತಾನೆ ಎಂದು ನಾನು ಮನೆಯಲ್ಲಿ ಕೂಗಾಡುತ್ತಿದ್ದೆ. ಹಾಕಿಕೊಂಡರೆ ಸರಿಯಾಗಿ ಹಿಡಿಸುತ್ತಿತ್ತು, ಆ ಮಾತು ಬೇರೆ. ನಾನು ಅವನನ್ನು ನೋಡದ ಹತ್ತೊಂಬತ್ತು ವರ್ಷವೂ ಅವನು ಬೆಂಚಿನಿಂದ ತಲೆಯೆತ್ತಿ ನನ್ನನ್ನು ನೋಡುತ್ತಿದ್ದ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯುವ ತಲೆ ಅದಲ್ಲ.

ಒಂದೂವರೆ ತಿಂಗಳ ಹಿಂದೆ ಪಾಪನಿವೇದನೆಗೆ ಹೋದೆ. ಅಲ್ಲಿ ನಡೆದದ್ದನ್ನು ಗುರುಗಳು ಹೇಳುವಂತಿಲ್ಲ, ನಾನು ಹೇಳಬಹುದು.

“ತಮ್ಮನ ಮೇಲೆ ನನಗೆ ಕೋಪ ಇದೆ ಫಾದರ್” ಅಂದೆ.

“ಕಾಣಿಕೆಯನ್ನ ಬಲಿಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ ಪ್ರಭು ಯಾರಿಗೆ ಹೇಳಿದ್ದು?” ಎಂದು ಕೇಳಿದರು.

“ಕೋಪ ಇರೋನಿಗೆ.”

“ಅಲ್ಲ. ಯಾರ ಮೇಲೆ ಸಹೋದರನಿಗೆ ಬೇಸರ ಇದೆಯೋ, ಅವನಿಗೆ.”

“ಅವನಿಗೆ ನನ್ನ ಮೇಲೆ ಬೇಸರವಾ? ಯಾಕಿರುತ್ತೆ ಫಾದರ್?”

“ಹೋಗಿ ಕೇಳಿ” ಅಂದರು. ಪ್ರಾಯಶ್ಚಿತ್ತಕ್ಕೆ ಹತ್ತು ಪ್ರಾರ್ಥನೆ ಕೊಟ್ಟಿದ್ದರೆ ಎಷ್ಟು ಸುಲಭವಾಗಿತ್ತು!

ಹೋದೆ. ಆದರೆ ಕೇಳುವುದಕ್ಕೆ ಹೋಗಲಿಲ್ಲ, ಕ್ಷಮಿಸುವುದಕ್ಕೆ ಹೋದೆ. ಹದಿನೈದು ದಿನ ಗಡ್ಡ ಹೆರೆದುಕೊಳ್ಳುತ್ತಾ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಅಂಗಡಿಯಲ್ಲಿ ಅವನು ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಕೋಟಿಗೆ ತೋಳು ಕೂರಿಸುತ್ತಿದ್ದ. ಗುಂಡಿ ಹಾಕಿಸಿಕೊಳ್ಳಲು ಬಂದ ಒಬ್ಬರು ಸ್ಟೂಲಿನ ಮೇಲೆ ಕೂತಿದ್ದರು. ನಾನು ಬಾಗಿಲಲ್ಲೇ ನಿಂತು, ಈಗ ಮೈಕಿನಲ್ಲಿ ಮಾತಾಡುತ್ತಿರುವ ಇದೇ ದನಿಯಲ್ಲಿ, “ನಾನು ನಿನ್ನನ್ನ ಕ್ಷಮಿಸಿದ್ದೀನಿ ಕಣೋ” ಅಂದೆ.

ಅವನು ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟ. “ನಾನೂ ನಿನ್ನ ಯಾವತ್ತೋ ಕ್ಷಮಿಸಿಬಿಟ್ಟೆ ಬಿಡಣ್ಣ. ಬಾ, ಕೂತ್ಕೋ” ಅಂದ.

ಸಭಿಕರೇ, ನಿಮ್ಮನ್ನು ಯಾರಾದರೂ ಹೀಗೆ ಕ್ಷಮಿಸಿದ್ದಾರೆಯೇ? ಮೈಯೆಲ್ಲ ಉರಿದುಹೋಯಿತು. “ನನ್ನನ್ನಾ? ನನ್ನನ್ನ ಕ್ಷಮಿಸೋಕೆ ನೀನ್ಯಾರೋ? ನಾನೇನೋ ಮಾಡಿದ್ದೆ?” ಎಂದು ಕೂಗಿದೆ. ಸ್ಟೂಲಿನ ಮೇಲಿದ್ದವರು ಗುಂಡಿಯ ಆಸೆ ಬಿಟ್ಟು ಎದ್ದು ಹೋದರು.

ತಮ್ಮ ಬಲಗೈ ಎತ್ತಿ ಹೀಗೆ ಮುಷ್ಟಿ ಮುಚ್ಚಿದ. “ಹಿಂಗ್ ಮಾಡಿದ್ದೆ” ಅಂದ.

ನಮ್ಮ ತಂಡದವರಿಗೆ ಈ ಸನ್ನೆ ಗೊತ್ತು. ಮುಷ್ಟಿ ಮುಚ್ಚಿದರೆ ಹಾಡು ನಿಲ್ಲಿಸಬೇಕು. “ಅಮ್ಮನ ಪೆಟ್ಟಿಗೆ ಮುಂದೆ, ಅಷ್ಟು ಜನರ ಎದುರಿಗೆ, ನನ್ನ ಮುಖ ನೋಡ್ಕೊಂಡೇ ಹಿಂಗ್ ಮಾಡಿದೆ. ಆಮೇಲೆ ಪಕ್ಕದವನಿಗೆ ನೀ ಹಾಡು ಅಂತ ಕೈ ತೋರಿಸಿದೆ” ಅಂದ.

ಆಗ ನಾನು ಏನು ಹೇಳಬಹುದಿತ್ತು? ಎಷ್ಟೋ ಹೇಳಬಹುದಿತ್ತು. ನಾನು ಹೇಳಿದ್ದು ಇಷ್ಟು: “ಶ್ರುತಿ ಇಳಿದಿತ್ತು ಕಣೋ.”

“ಅಳ್ತಾ ಇದ್ದೆ ಅಣ್ಣ” ಅಂದ ಅವನು. ಪಿನ್ನುಗಳನ್ನು ಮತ್ತೆ ಬಾಯಿಗಿಟ್ಟುಕೊಂಡು ಕೋಟಿನ ಕಡೆ ತಿರುಗಿದ.

ಪ್ರಾಮಾಣಿಕವಾಗಿ ಹೇಳುತ್ತೇನೆ, ಆ ಮುಷ್ಟಿ ನನಗೆ ನೆನಪೇ ಇರಲಿಲ್ಲ. ಒಂದು ಅಭ್ಯಾಸದಲ್ಲಿ ನೂರು ಸಲ ಮುಚ್ಚುವ ಕೈ. ಅಮ್ಮ ಅಲ್ಲಿ ಮಲಗಿದ್ದಾಳೆ, ತಮ್ಮನ ಕಣ್ಣಿಂದ ನೀರಿಳಿಯುತ್ತಿದೆ, ನನ್ನ ಕಿವಿಗೆ ಕೇಳಿದ್ದು ಅರ್ಧ ಸ್ವರ ಇಳಿದದ್ದು ಮಾತ್ರ. ಅವನು ಅತ್ತ. ನಾನು ಅಳಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ. ನನಗೆ ಅವನ ಮೇಲೆ ಇದ್ದದ್ದು ಕೋಪ ಅಂದುಕೊಂಡಿದ್ದೆ, ಅದು ಹೊಟ್ಟೆಕಿಚ್ಚು ಎಂದು ಈಗ ಅನ್ನಿಸುತ್ತದೆ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಚೀಟಿಯಲ್ಲಿ ಇಲ್ಲಿ ಒಂದು ನಗೆಹನಿ ಇದೆ. ಕ್ಷಮಿಸಿ, ಸ್ವಲ್ಪ ನೀರು ಕುಡಿಯುತ್ತೇನೆ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಇನ್ನೊಂದು ದಿನ ಅಂಗಡಿಗೆ ಹೋಗಿ ಮೆಲ್ಲಗೆ ತಪ್ಪಾಯ್ತು ಅಂದುಬಿಡ್ತೀನಿ ಅಂದೆ. ಅವಳು ಪಾತ್ರೆ ತೊಳೆಯುತ್ತಾ ತಿರುಗಿಯೂ ನೋಡದೆ, “ಬಾಯಿ ಮುಚ್ಚಿಸಿದ್ದು ಊರೆಲ್ಲರ ಮುಂದೆ, ತಪ್ಪು ಒಪ್ಕೊಳ್ಳೋದು ಹೊಲಿಗೆ ಮಷಿನ್ ಹಿಂದೆಯಾ?” ಅಂದಳು. ಈ ಸನ್ಮಾನ ಬೇಡವೇ ಬೇಡ ಎಂದು ಮೂರು ವರ್ಷ ಕೊಸರಾಡಿದವನು ಈ ಸಲ ಒಪ್ಪಿಕೊಂಡದ್ದು ಯಾಕೆಂದು ಕಾರ್ಯದರ್ಶಿಗಳಿಗೆ ಈಗ ತಿಳಿದಿರಬೇಕು. ಅವತ್ತು ಇದ್ದವರಲ್ಲಿ ಬಹಳ ಜನ ಇಲ್ಲಿದ್ದೀರಿ. ದಯವಿಟ್ಟು ಕೇಳಿಸಿಕೊಳ್ಳಿ.

ತಮ್ಮಾ, ನೀನು ಹಾಡು ಕೆಡಿಸಲಿಲ್ಲ. ಅಮ್ಮನಿಗಾಗಿ ಅತ್ತೆ, ಅಳುತ್ತಲೇ ಹಾಡುತ್ತಿದ್ದೆ. ನಾನು ನಿಲ್ಲಿಸಿದೆ. ಅವಳಿಗೆ ನೀನು ಮಣ್ಣು ಹಾಕದಂತೆ ಮಾಡಿದವನು ನಾನು. ನೀನು ಆಗಲೇ ಕ್ಷಮಿಸಿದ್ದೀಯ ಎಂದು ಗೊತ್ತು. ಆದರೂ ನಾನು ಕೇಳಿರಲಿಲ್ಲವಲ್ಲ, ಈಗ ಕೇಳುತ್ತಿದ್ದೇನೆ. ನನ್ನನ್ನು ಕ್ಷಮಿಸು.

ಇಲ್ಲಿಂದ ಮುಂದೆ ಸಂಗೀತದ ಮಹತ್ವದ ಬಗ್ಗೆ ಎರಡು ಪುಟ ಇದೆ, ಸಭಿಕರೇ. ಸಂಗೀತವು... ಅಯ್ಯೋ, ಅವನು ಎದ್ದ. ಅಂಗಡಿಯಿಂದ ಹಾಗೇ ಬಂದವನು, ಹೆಗಲ ಮೇಲಿನ ಅಳತೆ ಟೇಪಿನಲ್ಲೇ ಮುಖ ಒರೆಸಿಕೊಳ್ಳುತ್ತಿದ್ದಾನೆ. ಯಾರೂ ಅವನನ್ನು ತಡೆಯಬೇಡಿ, ದಾರಿ ಬಿಡಿ. ಹೊರಗೆ ಹೋಗುತ್ತಿದ್ದಾನೆ. ಅವತ್ತೂ ಹೀಗೆಯೇ ಹೋದ, ನಾನು ಹಾಡು ಮುಗಿಸಬೇಕೆಂದು ನಿಂತಲ್ಲೇ ನಿಂತಿದ್ದೆ. ಉಳಿದ ಮೂರೂ ಚರಣ ಹಾಡಿಸಿದೆ, ಶ್ರುತಿ ಒಂದಿಷ್ಟೂ ಇಳಿಯಲಿಲ್ಲ.

ಗುರುಗಳೇ, ಭಾಷಣ ಇನ್ನೂ ಅರ್ಧ ಉಳಿದಿದೆ, ಉಳಿಯಲಿ. ಕರೆದು ಕೂರಿಸಿದ ನಿಮಗೂ, ಕೇಳಿಸಿಕೊಂಡ ಎಲ್ಲರಿಗೂ ವಂದನೆಗಳು. ಈ ಮೈಕನ್ನು ಯಾರಾದರೂ ಹಿಡಿದುಕೊಳ್ಳಿ. ಲೋ, ನಿಲ್ಲೋ, ನಾನೂ ಬಂದೆ! ನಮಸ್ಕಾರ, ನಮಸ್ಕಾರ.