ಮಲ್ಲಿಗೆ ಕಟ್ಟಿದ ಎದೆ

ಸಕಲ ಜೀವರಿಗೂ ಹಾಲೂಡುವ ಜಗಜ್ಜನನಿ ಪಾರ್ವತಿಗೆ ಮೊದಲ ವಂದನೆ.

ಮಹಾಯುದ್ಧದ ದಿನಗಳವು. ಶಿವಮೊಗ್ಗದ ರೈಲು ನಿಲ್ದಾಣದಲ್ಲಿ ಭದ್ರಾವತಿಯ ಗಾಡಿಗೆ ಕಾದಿದ್ದ ಮುರುಗಯ್ಯ ಶಾಸ್ತ್ರಿಗಳ ಬೆನ್ನ ಹಿಂದೆ ಇಬ್ಬರು ಹೆಂಗಸರು ಕುಳಿತಿದ್ದರು. ಕಿರಿಯವಳಾದ ಸುವರ್ಣಮ್ಮನ ಮಡಿಲಲ್ಲಿ ಎರಡು ತಿಂಗಳ ಕೂಸು. ಅದು ಅಳುತ್ತಲೂ ಇರಲಿಲ್ಲ.

“ಪೇಟೆಯೆಲ್ಲ ಹುಡುಕಿದೆ, ದೊಡ್ಡಮ್ಮ. ಹಾಲಿನಪುಡಿ ಡಬ್ಬಿ ಒಂದೇ ಅಂಗಡೀಲಿತ್ತು. ಏಳು ರೂಪಾಯಂತೆ. ಇವರ ಸಂಬಳವೇ ಇಪ್ಪತ್ತೈದು.”

“ಮನೇಲಿರೋ ಡಬ್ಬಿ?”

“ತಳ ಕಂಡಿದೆ. ಎಂಟು ದಿನದಿಂದ ಮೂರು ಚಮಚದ ಬದಲು ಒಂದೇ ಹಾಕ್ತಿದ್ದೀನಿ.”

“ಬರೀ ನೀರು ಕುಡಿಸ್ತಿದ್ದೀಯಲ್ಲೇ ಮಾರಾಯ್ತಿ. ನಿನ್ನ ಹಾಲೇನಾಯ್ತು?”

“ಎದೆಗೆ ಮಲ್ಲಿಗೆ ಕಟ್ಟಿ ಬತ್ತಿಸಿದ್ವಿ.”

“ಕೂಸು ಸತ್ತ ಬಾಣಂತಿಗಲ್ವೇನೇ ಮಲ್ಲಿಗೆ ಕಟ್ಟೋದು?”

ಶಾಸ್ತ್ರಿಗಳ ಕೈಯ ಜಪಮಣಿ ನಿಂತಿತು.

“ಇವರು ಕೆಲಸ ಮಾಡೋ ಸಾಹೇಬರ ಮನೆ ಕೂಸು ಡಬ್ಬಿ ಹಾಲಲ್ಲೇ ದುಂಡಗಾಗಿದೆ ಅಂತ ಇವರೇ ಹೂ ತಂದ್ರು. ಬೆಳಗಿಂದ ಇದು ಕಣ್ಣೇ ಬಿಟ್ಟಿಲ್ಲ, ದೊಡ್ಡಮ್ಮ.”

“ಸೆರಗು ಮರೆ ಮಾಡಿ ಎದೆಗೆ ಹಿಡಿ.”

“ಏನೂ ಇಲ್ಲ ಅದರಲ್ಲಿ.”

“ಚೀಪ್ತಾ ಚೀಪ್ತಾ ಬರುತ್ತೆ. ಬರೋವರೆಗೂ ನನ್ನ ಸೊಸೆ ಕುಡಿಸ್ತಾಳೆ, ಅವಳೂ ಬಾಣಂತಿ. ಭದ್ರಾವತೀಲಿ ಇಳಿದು ಸೀದಾ ನಮ್ಮನೆಗೆ ನಡಿ.”

“ಇವರು ಬೈದ್ರೆ?”

“ಬೈಯೋಕೆ ನಮ್ಮನೇಗೇ ಬರ್ಲಿ. ಬಾಯಿ ಹಾಕ್ತಾ?”

“ಇಲ್ಲ.”

“ಕೆನ್ನೆ ಸವರು.”

ಸುವರ್ಣಮ್ಮ ಬಹಳ ಹೊತ್ತು ಕೂಸಿನ ಕೆನ್ನೆ ಸವರಿದಳು.

“ಎಳೀತಿದೆ, ದೊಡ್ಡಮ್ಮ. ಮೆಲ್ಲಗೆ.”

ಗಾಡಿ ಬಂದಿತು. ಹೆಂಗಸರ ಬೋಗಿಯತ್ತ ಅವರು ಓಡಿದರು.

ಆ ಕೂಸಿನ ಹೊಟ್ಟೆ ತುಂಬಲಿ. ಇದನ್ನು ಕೇಳಿದವರೆಲ್ಲರ ತೊಟ್ಟಿಲೂ ತಣ್ಣಗಿರಲಿ.