ಡ್ಯೂಕ್ ಬಾಬಾನ ಇಂಗ್ಲಿಷು

ನಗಬ್ಯಾಡ್ರಿ ಮಾಸ್ತರ್ರ! ಚಾ ಕುಡಿಯೂ ಮುಂದ ನಗಬಾರ್ದು, ನೆತ್ತಿಗೇರ್ತೈತಿ. ಆಮ್ಯಾಲ ಸಾವ್ಕಾರ್ರು ಬಂದು, 'ಮಕ್ಳ ಪರೀಕ್ಷೆ ಮಾಡಾಕ ಅಂತ ಹೈಸ್ಕೂಲಿನ ದಿನಕರ ಮಾಸ್ತರ್ನ ಕರಕೊಂಡು ಬಂದ್ರ ಈ ಚೌಡಪ್ಪ ಅವರನ್ನ ಚಾದಾಗ ಕೊಂದ ನೋಡು' ಅಂತ ನನ್ನ ಕುತ್ತಿಗಿಗೆ ಬರ್ತಾರ… ಹಾಂ, ಹಂಗ. ಸಾವಕಾಶ ಕುಡೀರಿ. ಮಕ್ಳು ಪರೀಕ್ಷೆ ಮುಗಿಸಿ ಒಳಗ ಹೋಗ್ಯಾವ, ಸಾವ್ಕಾರ್ರು ಲಗೂನ ಬರಂಗಿಲ್ಲ. ಅವರ ಲಾರಿ ತಿರುವಿನ್ಯಾಗ ಗಟಾರಕ್ಕ ಇಳದೈತಿ. ಅದನ್ನ ಎತ್ತಾಕ ಅರ್ಧ ಶಿರಸಿ ಕೂಡಬೇಕು, ಉಳಿದರ್ಧ ನಿಂತು ಬುದ್ಧಿ ಹೇಳಬೇಕು. ಅಷ್ಟ್ರಾಗ ನಾವಿಬ್ರು, ಮಾಸ್ತರು ಮಾಸ್ತರು, ಒಂದು ಮಾತಿಗೆ ಬಂದುಬಿಡೂಣು.

ಮತ್ತ ನಗ್ತೀರಿ! ನಾನೇನು ಮಾಸ್ತರ ಅಲ್ಲೇನು? ಎರಡು ವರ್ಷ ಆತು, ಈ ಮನೀ ಎರಡು ಮಕ್ಳಿಗೆ ದಿನಾ ಮುಂಜಾನೆ ಇದೇ ಕಟ್ಟಿ ಮ್ಯಾಲ ಇಂಗ್ಲಿಷ್ ಕಲಿಸಾಕ ಹತ್ತಿ. ಮಧುಕೇಶ್ವರ ಸಾವ್ಕಾರ್ರಂಥವರು, ಬನವಾಸಿ ಕಡೆಯಿಂದ ಬಂದು ಶಿರಸಿ ಬಜಾರದಾಗ ಅಂಗಡಿ ಹಾಕಿ ನಿಂತವರು, ಸುಮ್ಮನ ನನ್ನ ಇಟ್ಕೊಳ್ಳಾಕ ದಡ್ಡರಿರ್ತಾರೇನ್ರಿ?

ನಿಮಗ ಅನುಮಾನ ಯಾವುದರ ಮ್ಯಾಲ? ಮಕ್ಳು ಕುಂತ ರೀತಿ ಮ್ಯಾಲ? ಅಲ್ಲರೀ, ನೀವೇ 'ಸಿಟ್' ಅಂದ್ರಿ. ಅವು ಕುಂತವು. ಕುರ್ಚಿ ಮ್ಯಾಲ ಕುಂಡ್ರಲಿಲ್ಲ, ಖರೆ. ನಿಮ್ಮ ಎಡಗಾಲಿನ ಮಗ್ಗಲಕ, ನೆಲದ ಮ್ಯಾಲ, ಕುಕ್ಕರಗಾಲಿನ್ಯಾಗ, ಮಾರಿ ಮ್ಯಾಲ ಮಾಡಿ… ಅದು ವಿಲಾಯ್ತಿ ಶಿಸ್ತು! ನಿಮ್ಮ ಹೈಸ್ಕೂಲಿನ್ಯಾಗ ಸಿಟ್ ಅಂದ್ರ ಬೆಂಚಿನ ಮ್ಯಾಲ ಗೋಣಿಚೀಲ ಒಗದಂಗ ಬೀಳ್ತಾವ. ಅದಕ್ಕ ಇಂಗ್ಲಿಷ್ ಅಂತೀರಿ ನೀವು.

ಏನು, ತಾಟಿನ ಕಡೆ ನೋಡಾಕತ್ತೀರಿ? ಹಾಂ, ಬಿಸ್ಕೀಟು. ನೀವು ಹಿಡಿದ್ರಿ, ಮಕ್ಳು ಮುಟ್ಟಲಿಲ್ಲ. ಮಾದೇವಗಂತೂ ಬಾಯಾನ ನೀರು ಗದ್ದಕ್ಕ ಇಳದಿತ್ತು, ಆದ್ರೂ ಮುಟ್ಟಲಿಲ್ಲ! ನಾ 'ಟೇಕ್ ಇಟ್' ಅಂದ ಮ್ಯಾಲ ಗಬಕ್ಕನ ಹಿಡದ. ಏಳು ವರ್ಷದ ಹುಡುಗ ರೀ! ನಿಮ್ಮ ಮನ್ಯಾಗಿನ ಏಳು ವರ್ಷದ್ದು ಬಿಸ್ಕೀಟಿನ ಮುಂದ ಹಂಗ ತಡೀತೈತೇನು? ಇಲ್ಲಲ್ಲ? ಮತ್ತ!

ಟಪಾಲಿನವ ಬಂದ್ರ ಮಾದೇವ ಗುರ್ ಅಂತಾನ ಅಂತ ಸಾವ್ಕಾರ್ರು ಹೇಳಿದ್ರೇನು? ಅದು ಇಂಗ್ಲಿಷಲ್ಲ ಬಿಡ್ರಿ. ಅದು ಅವನ ಸ್ವಂತದ್ದು.

ಇನ್ನ ಪರಿಮಳಾ. ಒಂಬತ್ತು ವರ್ಷದ ಶಾಣ್ಯಾ ಹುಡುಗಿ. ನೀವು 'ವಾಟ್ ಈಸ್ ಯುವರ್ ನೇಮ್' ಅಂದ್ರಿ. ಆಕಿ ಬಲಗೈ ಎತ್ತಿ ನಿಮ್ಮ ಮೊಣಕಾಲ ಮ್ಯಾಲ ಇಟ್ಲು. ಶೇಕ್ ಹ್ಯಾಂಡು! ನೀವು ಕನ್ನಡಕ ತೆಗೆದು ಒರಸ್ಕೊಂಡ್ರಿ. ಯಾಕ ಹೇಳಬೇಕ್ರಿ ಹೆಸರು? ಕರೆಯವರಿಗೆ ಗೊತ್ತಿದ್ರ ಸಾಕು. ನಮ್ಮ ಡ್ಯೂಕ್ ಬಾಬಾ ಹುಟ್ಟಿದಾಗಿಂದ ಒಂದು ದಿನಾನೂ ತನ್ನ ಹೆಸರು ತಾ ಹೇಳಿದವನಲ್ಲ.

ಅಯ್ಯ, ಡ್ಯೂಕ್ ಬಾಬಾ ಯಾರಂತ ಗೊತ್ತಿಲ್ಲೇನು? ಸಾವ್ಕಾರ್ರು ಹೇಳಲಿಲ್ಲೇನು? ಬ್ರಿಟಿಷರ ಕಾಲದಾಗ ಯಲ್ಲಾಪುರದ ಬಂಗಲೆದಾಗ ಒಬ್ಬ ಜಂಗಲ್ ದೊರಿ ಇದ್ದ. ಅವನ ಮಕ್ಳು. ಡ್ಯೂಕ್ ಬಾಬಾ, ಬೆಸ್ಸಿ ಬಾಬಾ. ದೊರಿ ಮಕ್ಳಿಗೆ ನಾವು ಬಾಬಾ ಅಂತಿದ್ವಿ. ನಾನೇ ಬೆಳೆಸಿದ್ದು, ಹನ್ನೊಂದು ವರ್ಷ! ಮೈ ತೊಳಸೂದು ನಾನು, ಊಟಕ್ಕ ಹಾಕೂದು ನಾನು, ಎರಡೂ ಹೊತ್ತು ತಿರುಗಾಡಸಾಕ ಒಯ್ಯೂದು ನಾನು. ದೊರಿಗೆ ಅವು ಅಂದ್ರ ಜೀವ. ಡ್ಯೂಕ್ ಬಾಬಾ ಕೆಸರು ತುಳಕೊಂಡು ಬಂದು ಹಾಸಿಗಿ ಮ್ಯಾಲ ಜಿಗದ್ರೂ ಬೈತಿದ್ದಿಲ್ಲ ಅಂತೀನಿ. ಒಮ್ಮೆ ಹೊಸಾ ಬೂಟು ಕಚ್ಚಿ ಕಚ್ಚಿ ಚಿಂದಿ ಮಾಡಿದ… ಹುಬ್ಬು ಯಾಕ ಏರಸ್ತೀರಿ? ಹಲ್ಲು ಬರೂ ಮುಂದ ಮಕ್ಳು ಕಚ್ಚತಾವ, ಅದರಾಗೇನು!

ದೊರಿಸಾನಿ? ದೊರಿಸಾನಿ ವಿಲಾಯ್ತಿಯಿಂದ ಬರಲೇ ಇಲ್ಲ. ಇಲ್ಲೀ ಹವಾ ಒಗ್ಗಂಗಿಲ್ಲ ಅಂತ ಅಲ್ಲೇ ಉಳಿದ್ಲು… ತಡೀರಿ, ತಡೀರಿ. ಹಂಗಂದ್ರ ಮಕ್ಳು ಹ್ಯಾಂಗ ಅಂತ ಬೆರಳು ಮಡಚಬ್ಯಾಡ್ರಿ. ನೀವು ಇಂಗ್ಲಿಷ್ ಮಾಸ್ತರು, ಗಣಿತದವರಲ್ಲ.

ಹೋಗ್ಲಿ, ದೊರಿ ಸುದ್ದಿ ಸಾಕು. ಈ ಮಕ್ಳ ಸುದ್ದಿ ಕೇಳ್ರಿ. ಇವು ಶಾಲಿ ಬಿಟ್ಟು ಮನ್ಯಾಗ ಯಾಕ ಓದ್ತಾವ ಅಂತ ಯಾರೂ ನಿಮಗ ಹೇಳಿರಂಗಿಲ್ಲ. ಇವಕ್ಕ ಒಬ್ಬಾಕಿ ಅಕ್ಕ ಇದ್ಲು. ಶಾಲಿಗೆ ಹೋದ್ಲು, ಸಿಡುಬು ಹಚಗೊಂಡು ಬಂದ್ಲು, ಒಂಬತ್ತು ದಿನಕ್ಕ ತೀರಿಕೊಂಡ್ಲು. ಅವತ್ತಿಂದ ಇವರವ್ವ ಗುರುಶಾಂತವ್ವ ಉಳಿದ ಎರಡನ್ನ ಈ ಕಟ್ಟಿ ಮೆಟ್ಲ ಇಳಿಯಾಕ ಬಿಟ್ಟಿಲ್ಲ. ಕನ್ನಡ, ಲೆಕ್ಕ ಆಕೀನೇ ಹೇಳಿಕೊಡ್ತಾಳ. ಇಂಗ್ಲಿಷಿನ ಗೊಡವಿ ಇದ್ದೇ ಇರಲಿಲ್ಲ. ಮುಂಬೈ ಸರಕಾರದಾಗ ಎಂಟನೇ ಇಯತ್ತೆ ತನಕ ಯಾರಿಗೆ ಬೇಕಿತ್ತು ಇಂಗ್ಲಿಷು? ಆದ್ರ ನಮ್ಮ ಜಿಲ್ಲಾನ ಮುಂಬೈ ರಾಜ್ಯದಿಂದ ಬಿಡಿಸಿ ಮೈಸೂರಿಗೆ ಹಚ್ಚಿದ್ರು ನೋಡ್ರಿ, ಮೈಸೂರಿನ ಹುಡುಗ್ರು ಐದನೇ ಕ್ಲಾಸಿನ್ಯಾಗೇ ಗಟಗಟ ಓದ್ತಾವಂತ ಯಾರೋ ಸಾವ್ಕಾರ್ರ ಕಿವಿ ಊದಿದ್ರು. ಅವರಿಗೆ ನಿದ್ದಿ ಹೋತು.

ನಾ ಆಗ ಇಲ್ಲೇ ಚೀಲ ಹೊರತಿದ್ದೆ. ಹೌದ್ರಿ, ಹಮಾಲ. ಅದರಾಗ ಮುಚ್ಚಿಡೂದೇನೈತಿ? ಎಲ್ಲಾ ಖರೇನ ಹೇಳಾಕತ್ತೀನಿ ನಿಮಗ.

ಅಕ್ಕ ಹೋದ ಮ್ಯಾಲ ಪರಿಮಳಾ ಮಂಚದ ಕೆಳಗ ಹೊಕ್ಕಿದ್ಲು. ಬಾ ಅಂದ್ರ ಬರವಲ್ಲಳು. ಊಟ ಅಲ್ಲೇ, ನಿದ್ದಿ ಅಲ್ಲೇ. ಮಾತಂತೂ ಇಲ್ಲೇ ಇಲ್ಲ. ಕೈ ಹಿಡದು ಎಳೆದ್ರ ಕಚ್ಚತಿದ್ಲು. ಮಠದ ಸ್ವಾಮಿಗೋಳು ಬಂದು ವಿಭೂತಿ ಕೊಟ್ರು, ಡಾಕ್ಟರು ಬಂದು ಬ್ಯಾಟರಿ ಬಿಟ್ಟು ನೋಡಿದ್ರು, ಅಜ್ಜಿ ಬೆಲ್ಲ ತೋರಿಸಿದ್ಲು. ಊಹೂಂ. ನಾ ಅಕ್ಕಿ ಚೀಲ ಒಳಗ ಇಳಿಸಾಕ ಹೋದವ ನೋಡ್ದೆ. ಕತ್ತಲದಾಗ ಎರಡು ಕಣ್ಣು… ನನಗ ತಡಿಲಿಲ್ಲ ರೀ. ಚೀಲ ಒಗದು ನೆಲಕ್ಕ ಉದ್ದಕ ಮಲಗಿದೆ. ಗದ್ದ ನೆಲಕ್ಕ ಹಚ್ಚಿ, ಕೈ ಮುಂದ ಚಾಚಿ, ಸಣ್ಣ ದನಿ ತೆಗೆದು, 'ಕಮ್ ಆನ್ ಓಲ್ಡ್ ಗರ್ಲ್… ದೇರ್ಸ್ ಎ ಗುಡ್ ಗರ್ಲ್…' ಅಂದೆ. ಗುಡುಗಿದಾಗ ಬೆಸ್ಸಿ ಬಾಬಾ ಹಂಗೇ ಮಂಚದ ಕೆಳಗ ಹೋಗ್ತಿದ್ಲು. ದೊರಿ ಹಂಗೇ ಮಲಗಿ ಕರೀತಿದ್ದ. ನಾ ಎಷ್ಟು ಹೊತ್ತು ಅಂದೆನೋ ಏನೋ, ಹುಡುಗಿ ತೆವಳಿಕೋತ ತೆವಳಿಕೋತ ಬಂತು. ನನ್ನ ಕೈ ಮ್ಯಾಲ ಗದ್ದ ಇಟ್ತು.

ಗುರುಶಾಂತವ್ವ ಬಾಗಿಲ ಹಿಡಕೊಂಡು ಅತ್ಲು. ಯಾವ ಮಂತ್ರಪ್ಪಾ ಇದು ಅಂತ ಕೇಳಿದ್ಲು. ಇಂಗ್ಲಿಷ್ ರೀ ಅವ್ವಾರ, ಅಂದೆ. ಮರುದಿನದಿಂದ ನಾ ಚೌಡಪ್ಪ ಮಾಸ್ತರ.

ಈಗ್ಯಾಕ ನಗವಲ್ರಿ?

ಇರ್ಲಿ, ನಗದಿದ್ರೂ ಚಲೋನ ಆತು. ಈಗ ಮಾತಿಗೆ ಬರ್ತೀನಿ. ಇವನ್ನ ಜೂನಿನ್ಯಾಗ ಶಾಲಿಗೆ ಹಾಕಾಕ ಗುರುಶಾಂತವ್ವ ಕಡೀಕೂ ಒಪ್ಪ್ಯಾಳ. ಎರಡು ವರ್ಷ ಬೇಕಾತು ರೀ, ಆಕಿ ಬಾಯಾಗ ಹೂಂ ಅನಸಾಕ! ಆದ್ರ ಒಂದು ಹಟ ಹಿಡದಾಳ. ನನ್ನ ಮಕ್ಳು ಅಲ್ಲಿ ಹೋಗಿ ನಗೆಗೇಡು ಆಗಬಾರ್ದು, ತಿಳಿದವರು ನೋಡಿ ಹೌದು ಅನ್ನಲಿ, ಆಮ್ಯಾಲ ಕಳಸ್ತೀನಿ ಅಂತಾಳ. ತಿಳಿದವರು ಅಂದ್ರ ನೀವು. ಇದು ಇಂಗ್ಲಿಷೇ ಅಲ್ಲ ಅಂತ ನೀವು ಒಂದು ಮಾತು ಅಂದ್ರ ಮುಗೀತು. ಮಕ್ಳು ಮತ್ತ ಒಳಗ, ನಾ ಮತ್ತ ಚೀಲದ ಕೆಳಗ. ಅದಕ್ಕ ಸಾವ್ಕಾರ್ರು ಬಂದ ಕೂಡಲೇ ನೀವು ಕನ್ನಡಕ ಏರಿಸಿ, 'ಬುನಾದಿ ಗಟ್ಟಿ ಐತಿ' ಅಂತ ಇಷ್ಟೇ ಹೇಳ್ರಿ. ಗ್ವಾಡಿ ನೀವು ಕಟ್ಟಿಕೊಳ್ರಿ, ಯಾರು ಬ್ಯಾಡ ಅಂತಾರ? ಹೇಳ್ತೀರಲ್ಲ? ಬಂದಾಗಿಂದ ನಾನೇ ಬಡಕೊಳ್ಳಾಕತ್ತೀನಿ…

ಏ! ಹಚ್ಯಾ! ನೋಡ್ರಿ ಈ ಬೀದಿ ನಾಯಿ, ಸೀದಾ ಮೆಟ್ಲ ಏರಿ ತಾಟಿಗೇ ಬಾಯಿ… ಸಿಟ್! ಸಿಟ್ ಅಂದೆ! ಸಿಟ್!

…

ಕೇಳಿಸ್ತೇನ್ರಿ?

ಒಳಗ. ದುಬ್ ಅಂತ. ಎರಡು ಸಲ.

ನಾಯಿ ನಿಂತೇ ಐತಿ. ಶಿರಸಿ ನಾಯಿಗೆ ಇಂಗ್ಲಿಷ್ ಎಲ್ಲಿ ಬರಬೇಕು… ಒಳಗ ಮಕ್ಳು ಕುಂತ್ರು.

ನಗ್ರಿ. ನಗ್ರೆಲ್ಲ ಈಗ! ಆವಾಗಿಂದ ನಗಾಕತ್ತಿದ್ರಿ, ಈಗೇನಾತು? ನಗಬ್ಯಾಡ ಅಂದಾಗ ನಕ್ಕ್ರಿ, ನಗ್ರಿ ಅಂದ್ರ ಚಾದ ಕಪ್ಪು ಕೆಳಗಿಡ್ತೀರಿ… ಹಂಗ ನೋಡಬ್ಯಾಡ್ರಿ ಮಾಸ್ತರ್ರ. ಹಂಗ ನೋಡಬ್ಯಾಡ್ರಿ ನನ್ನ.

ಆತು. ನಾಯಿ ರೀ. ಡ್ಯೂಕ್ ಗಂಡು, ಬೆಸ್ಸಿ ಹೆಣ್ಣು. ಜೋಲು ಕಿವಿ ಬ್ಯಾಟಿ ನಾಯಿ. ಯಲ್ಲಾಪುರಕ್ಕ ಹೋಗಿ ಚೌಡಪ್ಪ ಮಾಸ್ತರ ಅಂತ ಕೇಳಿದ್ರ ಯಾರೂ ಗುರುತು ಹಿಡಿಯಂಗಿಲ್ಲ. ನಾಯಿ ಚೌಡ ಅಂತ ಕೇಳ್ರಿ, ಹೇಳ್ತಾರ. ಡ್ಯೂಕ್ ಸತ್ತಾಗ ದೊರಿ ಕಲ್ಲಿನ ಮ್ಯಾಲ ಅದರ ಹೆಸರು ಕೊರಸಿ ನಿಲ್ಲಿಸಿದ. ನನ್ನ ಹೆಸರು ಅಂವಗ ಹನ್ನೊಂದು ವರ್ಷದಾಗ ಗೊತ್ತೇ ಆಗಲಿಲ್ಲ. ಕೇಳಿದ್ರ ಹೇಳತಿದ್ದೆ.

ಆದ್ರ ಒಂದು ಕೇಳ್ರಿ. ಈ ಚೌಡಪ್ಪಗ ನಾಯಿ ಇಂಗ್ಲಿಷ್ ಬಿಟ್ರ ಬ್ಯಾರೆ ಬರಂಗಿಲ್ಲ, ಅದಕ್ಕ ಅದನ್ನ ಕಲಸ್ಯಾನ ಅಂತ ತಿಳಕೊಂಡಿರಬೇಕು ನೀವು. ಬರ್ತೈತಿ ರೀ! ದೊರಿ ನಮಗೂ ಇಂಗ್ಲಿಷಿನ್ಯಾಗೇ ಅಂತಿದ್ದ. ಅಡಿಗಿ ಮಾಡೂ ಜಲೀಲಗ, ಕುದುರಿ ತೊಳೆಯೂ ಹುಚ್ಚ ಅನ್ನವಗ, ನನಗ. ಬೂಟು ಎತ್ತಿ, ಬೆತ್ತ ಎತ್ತಿ. ಅದು ಪೂರಾ ಬಾಯಿಪಾಠ ಐತಿ ನನಗ. ಉದ್ದುದ್ದ ವಾಕ್ಯ, ನಿಮ್ಮ ಪುಸ್ತಕದಾಗ ಇರಲಾರದ್ದು. ಆ ಇಂಗ್ಲಿಷಿನ್ಯಾಗ ನಾ ಬಿ.ಎ. ಪಾಸು! ಅದನ್ನ ಕಲಿಸಿದ್ರ ಇವತ್ತು ಈ ಮಕ್ಳು ನಿಮ್ಮ ಮುಂದ ಗಟಗಟ ಮಾತಾಡ್ತಿದ್ವು.

ಕಲಿಸಲಿಲ್ಲ. ಅದೇ ಬಾಯಿ, ಸಂಜೀಕ ಬೂಟು ಬಿಚ್ಚಿ ನೆಲಕ್ಕ ಕುಂತು ನಾಯಿ ತಲಿ ಸವರೂ ಮುಂದ ಬ್ಯಾರೆ ಇಂಗ್ಲಿಷ್ ಆಡ್ತಿತ್ತು ರೀ. ಬಾಗಿಲದಾಗ ನಿಂತು ಕೇಳ್ತಿದ್ದೆ. ಅದರಾಗಿಂದು ಒಂದು ಮಾತು ತಪ್ಪಿ ನನ್ನ ಕಡೆ ಬಂದೀತು ಅಂತ ಹನ್ನೊಂದು ವರ್ಷ ಕಾದೆ. ಬರಲಿಲ್ಲ. ಎರಡೂ ನನ್ನ ತಲ್ಯಾಗ ಇದ್ವು, ಮಾಸ್ತರ್ರ. ಮಕ್ಳಿಗೆ ನಾ ಚಲೋದು ಕೊಟ್ಟೆ.

ಚಪ್ಪಲಿ ಸಪ್ಪಳ… ಸಾವ್ಕಾರ್ರು ಬಂದ್ರು. ಲಾರಿ ಎದ್ದಿರಬೇಕು. ಹೇಳ್ರಿ, ನಿಮಗ ಏನು ಹೇಳಬೇಕು ಅನಸ್ತೈತಿ ಅದನ್ನ ಹೇಳ್ರಿ. ನಾ ಅಡ್ಡ ಬರಂಗಿಲ್ಲ.

ಅದಕ್ಕೂ ಮೊದಲ ಒಂದು… ಮಕ್ಳು ಒಳಗ ಇನ್ನೂ ಕುಂತೇ ಅದಾವ. ಒಂದು ಮಾತು ಅನ್ನೂತನಕ ಏಳಂಗಿಲ್ಲ. ದಿನಾ ನಾನೇ ಅಂತಿದ್ದೆ. ಇವತ್ತು ನೀವು ಅನ್ರಿ. ಜೂನಿನಿಂದ ಅನ್ನವರು ಯಾರರೆ ಬೇಕಲ್ಲ ಅವಕ್ಕ. ಗುಡ್ ಗರ್ಲ್, ಗುಡ್ ಬಾಯ್. ಅಷ್ಟೇ ರೀ… ಅನ್ರಿ ಮಾಸ್ತರ್ರ. ದನಿ ಮಾತ್ರ ಸಣ್ಣದಿರಲಿ.