ಮೈಗಳ್ಳಿ ಅನ್ನಿಸಿಕೊಂಡ ಸೊಸೆ

ಒಂದು ಊರಿನಲ್ಲಿ ಒಬ್ಬರು ಸಾಹುಕಾರರಿದ್ದರು. ಸಾಹುಕಾರ ಅಂದ ಕೂಡಲೇ ನಿಮ್ಮ ಮುಖ ನೋಡಬೇಕು! ಇನ್ನೇನು ಈತ ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತಾನೆ, ದೇವರು ಇವನಿಗೆ ಬುದ್ಧಿ ಕಲಿಸುತ್ತಾನೆ ಎಂದು ಕಾಯುತ್ತಾ ಕೂತಿದ್ದೀರಿ. ಇಲ್ಲ, ಇವರು ಒಳ್ಳೆಯವರೇ. ಎಣ್ಣೆ ಗಿರಣಿ ಇತ್ತು, ಮನೆಗೆ ಬಂದವರನ್ನು ಊಟ ಹಾಕದೆ ಕಳಿಸುತ್ತಿರಲಿಲ್ಲ. ಆದರೆ ಈ ಕಥೆಯಲ್ಲಿ ಅವರಿಗೆ ಹೆಚ್ಚು ಕೆಲಸವಿಲ್ಲ. ಇದು ಅವರ ಹೆಂಡತಿಯ ಕಥೆ. ಊರೆಲ್ಲ ಸಾಹುಕಾರ್ತಿ ಎಂದು ಕರೆಯುತ್ತಿದ್ದ, ಗಟ್ಟಿ ಗಂಟಲಿನ, ಗಟ್ಟಿ ಮನಸ್ಸಿನ ಹೆಂಗಸಿನ ಕಥೆ.

ಆ ಮನೆಗೆ ಸೊಸೆ ಬಂದಳು. ಏನು ಸೊಸೆ ಅಂತೀರಿ! ಮುಂಜಾನೆ ರೊಟ್ಟಿ ಬಡಿಯಲು ಕೂತರೆ ಆ ಸದ್ದಿಗೇ ಓಣಿ ಏಳುತ್ತಿತ್ತು. ಸಾಹುಕಾರ್ತಿ ಕಟ್ಟೆಗೆ ಬಂದು ನಿಂತು, "ಕೇಳ್ರೆವ್ವಾ, ನಮ್ಮ ಸೊಸಿ ಕೈ" ಎಂದು ಬೀಗುತ್ತಿದ್ದಳು. ವರ್ಷ ಒಂದಾಯಿತು. ಆಮೇಲೆ ಆ ಸದ್ದು ನಿಧಾನವಾಯಿತು. ಒಂದು ರೊಟ್ಟಿ ಬಡಿಯುವುದು, ಸುಮ್ಮನಾಗುವುದು. ಇನ್ನೊಂದು ಬಡಿಯುವುದು, ಗೋಡೆಗೆ ಒರಗುವುದು. ಮಧ್ಯಾಹ್ನ ಮಲಗಿದರೆ ಸಂಜೆಯಾದರೂ ಏಳಲಾರಳು. ಎದ್ದರೂ ಮಲಗಿದವಳ ಮುಖವಲ್ಲ, ಹೊರೆ ಹೊತ್ತು ಬಂದವಳ ಮುಖ.

ಅಷ್ಟರಲ್ಲಿ ಇನ್ನೊಂದು ಶುರುವಾಯಿತು. ಅನ್ನ ಕಂಡರೆ ವಾಕರಿಕೆ. ಉಪ್ಪು ಕಂಡರೆ ಆಸೆ. ಉಪ್ಪಿನಕಾಯಿ ಭರಣಿಯ ರಸವನ್ನು ಬೆರಳಲ್ಲಿ ತೆಗೆದು ನೆಕ್ಕುತ್ತಿದ್ದಳು, ಕದ್ದು ಕದ್ದು ಹರಳುಪ್ಪು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಇದನ್ನು ಸಾಹುಕಾರ್ತಿ ನೋಡಿದಳು. ತಾಯಂದಿರೇ, ನೀವೇ ಹೇಳಿ, ನೀವಾಗಿದ್ದರೆ ಏನಂದುಕೊಳ್ಳುತ್ತಿದ್ದಿರಿ? ನಗ್ತೀರಿ! ಆಕೆಯೂ ಅದನ್ನೇ ಅಂದುಕೊಂಡಳು. ಬಯಕೆ! ಪರೀಕ್ಷೆ ಗಿರೀಕ್ಷೆ ಯಾರಿಗೆ ಬೇಕು? ಓಣಿಗೆಲ್ಲ ಪೇಡೆ ಹಂಚಿದಳು. ಹಸಿರು ಸೀರೆ ತಂದಳು, ಮದುವೆಯಲ್ಲಿ ತೊಡಿಸಿದ ಅಳತೆಯವೇ ಹಸಿರು ಬಳೆ ತಂದಳು. "ಇನ್ನs ಖಾತ್ರಿ ಇಲ್ರಿ ಅತ್ತಿ" ಎಂದು ಸೊಸೆ ಹೇಳಿದ್ದು ಆ ಸಂಭ್ರಮದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಕೊನೆಗೆ ಆಸ್ಪತ್ರೆಯ ನರ್ಸಮ್ಮ ನೋಡಿ, ಏನೂ ಇಲ್ಲ ಅಂದಳು. ಬಸುರಿಯಲ್ಲ. ಅಷ್ಟೇ ಹೇಳಿದ್ದು. ಆಯಾಸದ ಮಾತು ಯಾರೂ ಎತ್ತಲಿಲ್ಲ, ನರ್ಸಮ್ಮನೂ ಕೇಳಲಿಲ್ಲ.

ನೋಡಿ, ಪೇಡೆ ತಿಂದ ಬಾಯಿಗಳು ಸುಮ್ಮನಿರುತ್ತವೆಯೇ? ಸಾಹುಕಾರ್ತಿಗೆ ತಲೆ ಎತ್ತಿ ಓಣಿಯಲ್ಲಿ ನಡೆಯುವುದು ಕಷ್ಟವಾಯಿತು. ಆ ಅವಮಾನವೆಲ್ಲ ಸೊಸೆಯ ಮೇಲೆ ಸಿಟ್ಟಾಗಿ ಇಳಿಯಿತು. ಬಸುರಿಯೂ ಅಲ್ಲ, ಕೆಲಸವೂ ಇಲ್ಲ ಅಂದಮೇಲೆ ಇವಳು ಮೈಗಳ್ಳಿಯೇ! ಸಾಹುಕಾರರ ತಂಗಿ ಬಂದವಳು ಬೆಂಕಿಗೆ ತುಪ್ಪ ಸುರಿದಳು. "ಕುಂದ್ರಿಸಿ ಉಣ್ಸಾಕ ಇದೇನು ಛತ್ರ ಏನ್ರಿ ವೈನಿ? ತವರಿಗೆ ಕಳಸ್ರಿ. ಹೊಳ್ಳಿ ಕರಿಯೂ ಮಾತು ಎತ್ತಬ್ಯಾಡ್ರಿ." ಸಾಹುಕಾರರು ಪೇಪರು ಓದುತ್ತಾ ಕೂತರು. ಮಗನಿಗೆ ಅವ್ವನ ಎದುರು ಬಾಯಿ ಬರಲಿಲ್ಲ. ಸೊಸೆಯನ್ನು ಬಿಟ್ಟೇ ಬಿಡುವುದು ಎಂದು ಒಳಗೊಳಗೇ ತೀರ್ಮಾನವಾಯಿತು.

ಆದರೆ ಬಿಡುವಾಗಲೂ ರೀತಿ ಬಿಡಬಾರದಲ್ಲ. ಸೊಸೆಯನ್ನು ತವರಿಗೆ ಕಳಿಸುವಾಗ ಉಡಿ ತುಂಬಿ, ಬಳೆ ತೊಡಿಸಿ ಕಳಿಸಬೇಕು. ಸಾಹುಕಾರ್ತಿ ಅವೇ ಹಸಿರು ಬಳೆ ತೆಗೆದುಕೊಂಡು ಕೂತಳು. ಮದುವೆಯಲ್ಲಿ ಆ ಕೈಗೆ ಬಳೆ ಏರಿಸಲು ಸಾಬೂನು ಹಚ್ಚಬೇಕಾಗಿತ್ತು. ಈಗ ಬಳೆ ಏರಿತು, ಕೈ ಇಳಿಬಿಟ್ಟ ಕೂಡಲೇ ಹಾಗೆಯೇ ಜಾರಿ ನೆಲಕ್ಕೆ ಬಿತ್ತು. ಮತ್ತೊಂದು ಹಾಕಿದಳು, ಅದೂ ಬಿತ್ತು. ಕೂತು ಉಣ್ಣುವ ಮೈಗಳ್ಳಿಯ ಕೈ ಹೀಗೆ ಸೊರಗುತ್ತದೆಯೇ? ಸಾಹುಕಾರ್ತಿ ಆ ಕೈಯನ್ನು ತಿರುಗಿಸಿ ನೋಡಿದಳು. ಅಂಗೈಯ ಗೆರೆಗಳೆಲ್ಲ ಕಪ್ಪು.

"ಒಲಿ ಮಸಿ ಹಂಗs ಐತಲ್ಲ. ಹೋಗು, ತೊಳಕೊಂಡು ಬಾ."

ಸೊಸೆ ಎದ್ದು ಹೋದಳು. ಗಸಗಸ ಉಜ್ಜುವ ಸದ್ದು ಕೇಳಿಸಿತು. ಬಂದು ಕೈ ಚಾಚಿದಳು. ಗೆರೆಗಳು ಅಷ್ಟೇ ಕಪ್ಪು.

"ತೊಳದೀನ್ರಿ ಅತ್ತಿ. ಅದು ಹೋಗಂಗಿಲ್ರಿ."

ಸಾಹುಕಾರ್ತಿ ಬಳೆ ಕೆಳಗಿಟ್ಟಳು. ಇಷ್ಟು ದಿನ ಆಕೆ ಸೊಸೆಯನ್ನು ಕೇಳಿದ್ದೆಲ್ಲ "ಏನಾಗೇತಿ ನಿನಗ?" ಎಂಬ ಬೈಗುಳ. ಅಂದು ಮೊದಲ ಸಲ ಮೆಲ್ಲಗೆ ಕೇಳಿದಳು, "ಯಾವಾಗಿಂದ ಹಿಂಗಾಗೇತವ್ವಾ?"

"ದೀಪಾವಳಿ ಹಿಂದ ಮುಂದ ಸುರು ಆತ್ರಿ. ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರ್ತೈತ್ರಿ. ಗ್ವಾಡಿ ಹಿಡಕೊಂಡು ನಿಂತು ಆಮ್ಯಾಲೆ ಒಲಿ ಮುಂದ ಹೋಗ್ತೀನ್ರಿ. ಎಷ್ಟು ನಿದ್ದಿ ಮಾಡಿದ್ರೂ ದಣಿವು ಹೋಗಂಗಿಲ್ರಿ. ಉಪ್ಪು ತಿಂದ್ರ ಒಂದೀಟು ಜೀವ ಬಂದಂಗ ಆಗತೈತ್ರಿ."

"ಮತ್ತ ಬಾಯಿ ಬಿಟ್ಟು ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ಲಿರಿ? ಎಲ್ಲಾರೂ ಮೈಗಳ್ಳಿ ಅಂದ್ರು. ಇದ್ದರೂ ಇರಬೇಕು ಅಂತ ನಾನೂ ಅಂದ್ಕೊಂಡೆ."

ಕೇಳಿದಿರಾ? ನಾವು ಒಬ್ಬರನ್ನು ಮೈಗಳ್ಳಿ ಅಂದರೆ ಜಗತ್ತು ನಂಬುವುದು ದೊಡ್ಡದಲ್ಲ. ಅವರೇ ನಂಬಿಬಿಡುತ್ತಾರೆ. ಅದು ದೊಡ್ಡ ಪಾಪ.

ಸಾಹುಕಾರ್ತಿ ಉಡಿ ತುಂಬುವ ತಟ್ಟೆ ಸರಿಸಿ ಎದ್ದಳು. "ಗಾಡಿ ತಗೀರಿ. ಜಿಲ್ಲಾ ದವಾಖಾನಿಗೆ ಹೋಗೋಣು." ಸಾಹುಕಾರರು ಪೇಪರು ಮಡಚಿ, "ಮತ್ತ ದವಾಖಾನಿ ಅಂದ್ರ ಮಂದಿ ನಗೂದಿಲ್ಲೇನ?" ಅಂದರು. "ನಗಲಿ ಬಿಡ್ರಿ. ನಕ್ಕರ ಹುಡುಗಿ ಸಾಯಂಗಿಲ್ಲ. ಸುಮ್ನ ಕುಂತ್ರ ಸಾಯ್ತಾಳ."

ದೊಡ್ಡ ಡಾಕ್ಟರ ಮುಂದೆ ಸಾಹುಕಾರ್ತಿ ತೂಕ ಇಳಿದದ್ದು, ಉಪ್ಪು ತಿಂದದ್ದು, ಅಂಗೈ ಕಪ್ಪಾದದ್ದು, ತವರಿಗೆ ಕಳಿಸಲು ಹೊರಟದ್ದು, ಒಂದನ್ನೂ ಮುಚ್ಚಿಡದೆ ಹೇಳಿದಳು. ರಕ್ತ ಪರೀಕ್ಷೆಯಾಯಿತು. ಡಾಕ್ಟರು ತಿಳಿಸಿ ಹೇಳಿದರು. ನಮ್ಮ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯ ಹಾಗೆ ಎರಡು ಸಣ್ಣ ಗ್ರಂಥಿಗಳಿವೆ, ಅಡ್ರಿನಲ್ ಗ್ರಂಥಿ ಅಂತ. ಮೈಯಲ್ಲಿ ಉಪ್ಪು ಉಳಿಸುವುದು, ರಕ್ತದ ಒತ್ತಡ ಕಾಯುವುದು, ಜ್ವರ ಬಂದರೆ ಪೆಟ್ಟು ಬಿದ್ದರೆ ತಡೆದುಕೊಳ್ಳುವ ಶಕ್ತಿ ಕೊಡುವುದು, ಎಲ್ಲ ಅವುಗಳ ರಸದ ಕೆಲಸ. ಈ ಹುಡುಗಿಯಲ್ಲಿ ಆ ರಸ ಬತ್ತುತ್ತಾ ಬಂದಿತ್ತು. ಉಪ್ಪಿನ ಆಸೆ, ಅಂಗೈಯ ಕಪ್ಪು ಗೆರೆ, ಎಲ್ಲ ಅದರಿಂದಲೇ. "ತವರಿಗೆ ಹೋಗಿ ಅಲ್ಲಿ ಒಂದು ಜೋರು ಜ್ವರ ಬಂದಿದ್ದರೆ ಉಳೀತಿರಲಿಲ್ಲ ತಾಯಿ" ಅಂದರು ಡಾಕ್ಟರು. ದಿನವೂ ಗುಳಿಗೆ ತೆಗೆದುಕೊಳ್ಳಬೇಕು, ಬದುಕಿರುವವರೆಗೆ ತಪ್ಪಿಸಬಾರದು, ಜ್ವರ ಬಂದರೆ ಕೂಡಲೇ ಬರಬೇಕು ಅಂದರು.

ಹುಡುಗಿ ಬರಬರುತ್ತಾ ಚೇತರಿಸಿಕೊಂಡಳು. ಆದರೆ ಕಥೆಯ ದೊಡ್ಡಸ್ತಿಕೆ ಇನ್ನೂ ಮುಂದಿದೆ. ಸಾಹುಕಾರ್ತಿ ಪೇಡೆ ಹಂಚಿದ ಅದೇ ಓಣಿಯ ಹೆಂಗಸರನ್ನು ಮನೆಗೆ ಕರೆದಳು. ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು, "ಮೊದಲು ಬಸರಿ ಅಂದೆ, ಆಮ್ಯಾಲೆ ಮೈಗಳ್ಳಿ ಅಂದೆ. ಎರಡೂ ನಂದs ತಪ್ಪು. ಆಕಿಗೆ ಜಡ್ಡಾಗಿತ್ತು. ಆ ಜಡ್ಡಿನಾಗೂ ನಮಗ ರೊಟ್ಟಿ ಮಾಡಿ ಹಾಕ್ಯಾಳ. ಇನ್ನ ಮ್ಯಾಲೆ ಯಾರರೆ ಆಕಿಗೆ ಒಂದ ಮಾತು ಅಂದ್ರ ನನಗ ಅಂದಂಗ."

ಶರಣರೇ, ತಪ್ಪು ತಿಳಿಯುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ತಪ್ಪನ್ನು ಊರ ಮುಂದೆ ಆಡಿದವಳು, ಊರ ಮುಂದೆಯೇ ಅದನ್ನು ವಾಪಸು ತೆಗೆದುಕೊಳ್ಳುವುದಿದೆಯಲ್ಲ, ಅದಕ್ಕೆ ಗುಂಡಿಗೆ ಬೇಕು. ಆ ಸಾಹುಕಾರ್ತಿಗೆ ಒಂದು ಶರಣು. ಗೋಡೆ ಹಿಡಿದು ನಿಂತು ಮನೆಮಂದಿಗೆ ರೊಟ್ಟಿ ಬಡಿದ ಆ ಹುಡುಗಿಗೆ ಎರಡು ಶರಣು. ಕೈಕಾಲು ಗಟ್ಟಿಯಿದ್ದು ದುಡಿಯುವ ನಾವು ಆಕೆಯ ಮುಂದೆ ಯಾವ ಲೆಕ್ಕ?

ಹಾಗಂತ ದಣಿದವರಿಗೆಲ್ಲ ಇದೇ ಜಡ್ಡು ಅಂದುಕೊಂಡು ಮನೆಗೆ ಹೋಗಿ ಉಪ್ಪು ತಿನ್ನಿಸಬೇಡಿ! ರಕ್ತ ಕಡಿಮೆಯಿರಬಹುದು, ಥೈರಾಯ್ಡ್ ಇರಬಹುದು, ಮನಸ್ಸಿನ ನೋವಿರಬಹುದು, ಕೆಲವೊಮ್ಮೆ ಪರೀಕ್ಷೆಗೂ ಸುಲಭಕ್ಕೆ ಸಿಗದ ದಣಿವಿರಬಹುದು. ಅದು ಡಾಕ್ಟರು ನೋಡುವ ಕೆಲಸ. ನಿಮ್ಮ ಕೆಲಸ ಬೇರೆ. ನಿಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ದಣಿದು ಕೂತವರು ಯಾರಿದ್ದಾರೆ? ಹೆಂಡತಿಯೇ, ಗಂಡನೇ, ಕಾಲೇಜಿನಿಂದ ಬಂದು ಹಾಸಿಗೆ ಬಿಟ್ಟೇಳದ ಮಗಳೇ? ಇವತ್ತು ಹೋಗಿ ಅವರ ಪಕ್ಕದಲ್ಲಿ ಕೂತು, ಯಾವಾಗಿನಿಂದ ಹೀಗಾಗಿದೆ ಅಂತ ಕೇಳಿ. ಕೇಳಿ ಎದ್ದು ಹೋಗಬೇಡಿ. ಏನೂ ಇಲ್ಲ ಅಂತ ಮೊದಲು ಹೇಳುತ್ತಾರೆ. ಆದರೂ ಕೂತಿರಿ. ಇಷ್ಟು ದಿನ ನಿಮ್ಮ ಬಾಯಿಗೆ ಹೆದರಿ ಹೇಳದೆ ಉಳಿಸಿಕೊಂಡದ್ದನ್ನು ಅವರು ಹೇಳುತ್ತಾರೆ.